ರೋಗದ ನಕ್ಷೆ, ರಸ್ತೆಯ ನಕ್ಷೆ

ಆರೋಗ್ಯ ಇಲಾಖೆಯ ವರದಿಗಳಲ್ಲಿ ಜಿಲ್ಲೆ ಜಿಲ್ಲೆಗೂ ಒಂದೊಂದು ಬಣ್ಣ ಬಳಿದ ನಕ್ಷೆಗಳಿರುತ್ತವೆ. ತಿಳಿಹಳದಿ ಎಂದರೆ ರೋಗ ಕಡಿಮೆ, ಕಡುಗೆಂಪು ಎಂದರೆ ಹೆಚ್ಚು. ಎಚ್‌ಐವಿಯ ನಕ್ಷೆಯಲ್ಲಿ ಕರ್ನಾಟಕದ ಕೆಂಪು ಬಹುಕಾಲ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆ ದಟ್ಟವಾಗಿತ್ತು. ಅದಕ್ಕೆ ವಿವರಣೆಯೂ ಸಿದ್ಧವಾಗಿತ್ತು: ದೇವದಾಸಿ ಪದ್ಧತಿ, ಮಳೆಯನ್ನೇ ನಂಬಿದ ಹೊಲ, ಪುಣೆ-ಮುಂಬಯಿಗೆ ಗುಳೆ. ಕರಾವಳಿಯ ನಾವು ಆ ನಕ್ಷೆ ನೋಡಿ ಒಳಗೊಳಗೇ ನಿರಾಳವಾದದ್ದುಂಟು. ನಮ್ಮದು ಓದುಬರಹದ ಜಿಲ್ಲೆ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂಬ ಮಾತು ಕಾರವಾರ-ಅಂಕೋಲಾದ ಜಗುಲಿಗಳಿಗೆ ಹೊಸತಲ್ಲ.

ಆದರೆ ನಕ್ಷೆಯೂ ಒಂದು ಪಠ್ಯವೇ. ಕತೆಯನ್ನೋ ಕವಿತೆಯನ್ನೋ ಓದುವಾಗ ಕೇಳುವ ಪ್ರಶ್ನೆಗಳನ್ನು ಅದಕ್ಕೂ ಕೇಳಬೇಕು. ಇದನ್ನು ಹೇಳುತ್ತಿರುವವರು ಯಾರು? ಎಲ್ಲಿ ನಿಂತು ಹೇಳುತ್ತಿದ್ದಾರೆ? ಏನನ್ನು ಬಿಟ್ಟು ಹೇಳುತ್ತಿದ್ದಾರೆ?

ಕಾರವಾರದ ಬೈತಖೋಲ್ ಬಂದರಿನಲ್ಲಿ ಟ್ರಾಲರ್ ಬೋಟಿನ ಒಬ್ಬ ಕಲಾಸಿಯನ್ನು ಊಹಿಸಿಕೊಳ್ಳಿ. ಒಡಿಶಾದವನೋ ಜಾರ್ಖಂಡಿನವನೋ ಆಗಿದ್ದಾನು. ಈಗ ನಮ್ಮ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಅಂಥವರು ಬಹಳ. ಆಳಸಮುದ್ರಕ್ಕೆ ಹೋದರೆ ವಾರ, ಹತ್ತು ದಿನ ದಡದ ಸುದ್ದಿಯಿಲ್ಲ. ಸುತ್ತ ಕಣ್ಣು ಹಾಯುವಷ್ಟೂ ಬಯಲು ನೀರು, ಮಲಗುವುದು ಮಾತ್ರ ಒಬ್ಬರ ಉಸಿರು ಒಬ್ಬರಿಗೆ ತಾಗುವ ಕ್ಯಾಬಿನ್ನಿನಲ್ಲಿ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅದೇ: ಮುಚ್ಚಿದ ಗಾಳಿ, ದೀರ್ಘ ಸಹವಾಸ, ದಣಿದ ಮೈ. ಅವನಿಗೆ ಮಾರ್ಚ್ ತಿಂಗಳಲ್ಲಿ ಕಫದ ಪರೀಕ್ಷೆಯಾಗಿ ಟಿ.ಬಿ. ಎಂದು ಗೊತ್ತಾಗುತ್ತದೆ ಎನ್ನಿ. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮಾತ್ರೆ. ಅಂದರೆ ಸೆಪ್ಟೆಂಬರ್‌ವರೆಗೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರುತ್ತದೆ, ಕೂಲಿ ನಿಲ್ಲುತ್ತದೆ, ಅವನು ರೈಲು ಹತ್ತುತ್ತಾನೆ. ಚಿಕಿತ್ಸೆಯ ಪಂಚಾಂಗ ಒಂದು, ಸಮುದ್ರದ ಪಂಚಾಂಗ ಇನ್ನೊಂದು. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ‘ವರ್ಗಾವಣೆ’ ಎಂದು ಬರೆದುಕೊಂಡರೆ ಅದೃಷ್ಟ. ಇಲ್ಲದಿದ್ದರೆ ಅವನು ಕಾಣೆಯಾದವನು. ಮುಂದೆಂದೋ ಅವನ ಊರಿನ ಆಸ್ಪತ್ರೆಯಲ್ಲಿ ಮತ್ತೆ ಕಫ ಕೊಟ್ಟರೆ ಅಲ್ಲಿನ ಜಿಲ್ಲೆಯ ಬಣ್ಣ ಒಂದು ಗುಲಗಂಜಿಯಷ್ಟು ಕೆಂಪಾಗುತ್ತದೆ, ನಮ್ಮದು ಹಳದಿಯಾಗಿಯೇ ಉಳಿಯುತ್ತದೆ. ನಕ್ಷೆ ಹೇಳುವುದು ಕಫ ಕೊಟ್ಟ ಊರನ್ನು. ಮೈ ಸವೆದ ಊರು ಅದರಲ್ಲಿಲ್ಲ.

ನಕ್ಷೆಯ ಜೊತೆಗೆ ಬರುವ ಭಾಷೆಯನ್ನೂ ನೋಡಬೇಕು. ಮಾತ್ರೆ ನಿಲ್ಲಿಸಿದ ಕ್ಷಯರೋಗಿಯನ್ನು ಬಹಳ ವರ್ಷ ‘ಡಿಫಾಲ್ಟರ್’ ಎಂದು ಕರೆದರು. ಬ್ಯಾಂಕಿನ ಸಾಲ ಕಟ್ಟದವನಿಗೆ ಇರುವ ಹೆಸರೇ ಇವನಿಗೂ. ಪರೀಕ್ಷೆಗೆ ಬಂದವನು ‘ಸಸ್ಪೆಕ್ಟ್’. ಅದು ಪೊಲೀಸ್ ಠಾಣೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಎರಡೂ ಪದಗಳನ್ನು ಕೈಬಿಟ್ಟಿತು. ಸಾಲಗಾರ, ಆರೋಪಿ ಎಂಬ ಭಾವ ಮಾತ್ರ ಕಾಗದದಿಂದ ಇಳಿದಷ್ಟು ಬೇಗ ಮನಸ್ಸಿನಿಂದ ಇಳಿಯಲಿಲ್ಲ.

ಎಚ್‌ಐವಿಯ ಕಡತದಲ್ಲಿ ಇದಕ್ಕಿಂತ ಕುತೂಹಲದ ಪದವೊಂದಿದೆ. ಲಾರಿ ಚಾಲಕರನ್ನು, ವಲಸೆ ಕೂಲಿಗಳನ್ನು ಅಲ್ಲಿ ‘ಬ್ರಿಜ್ ಪಾಪ್ಯುಲೇಶನ್’ ಎನ್ನುತ್ತಾರೆ, ಸೇತುವೆಯಾದ ಜನ ಎಂದು. ಒಂದು ದಡದಲ್ಲಿ ಲೈಂಗಿಕ ಕಾರ್ಯಕರ್ತೆಯರು, ಇನ್ನೊಂದು ದಡದಲ್ಲಿ ‘ಸಾಮಾನ್ಯ ಜನ’, ನಡುವೆ ಈ ಸೇತುವೆ. ಕಾಳಿ, ಗಂಗಾವಳಿ ನದಿಗಳ ನಡುವೆ ಬದುಕಿ, ಒಂದೊಂದು ಸೇತುವೆಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದ ನಮಗೆ ಸೇತುವೆ ಎಂದರೆ ಆಸೆಯ ಪದ. ಇಲ್ಲಿ ಅದರ ಮೇಲೆ ದಾಟುವುದು ವೈರಸ್ಸು ಮಾತ್ರ. ಸೇತುವೆಗೆ ಹೊಟ್ಟೆಯಿಲ್ಲ, ನಿದ್ದೆಯಿಲ್ಲ, ಹೆಂಡತಿ ಮಕ್ಕಳಿಲ್ಲ. ಅದಕ್ಕೇ ಜ್ವರ ಬರಬಹುದು ಎಂಬುದು ಈ ರೂಪಕದೊಳಗೆ ಹಿಡಿಸುವುದೇ ಇಲ್ಲ.

ಸೂಸನ್ ಸೊಂಟಾಗ್ 1978ರಲ್ಲಿ ಕ್ಯಾನ್ಸರ್ ಮತ್ತು ಕ್ಷಯದ ಬಗ್ಗೆ, 1989ರಲ್ಲಿ ಏಡ್ಸ್ ಬಗ್ಗೆ ಬರೆದ ಪುಟ್ಟ ಪುಸ್ತಕಗಳಲ್ಲಿ ರೋಗವನ್ನು ರೂಪಕಗಳಿಂದ ಬಿಡಿಸಿ ಬರಿಯ ರೋಗವಾಗಿ ನೋಡಬೇಕೆಂದು ವಾದಿಸಿದರು. ಯುರೋಪು ಕ್ಷಯಕ್ಕೆ ಕೊಟ್ಟ ಕವಿಕಳೆಯನ್ನು, ಏಡ್ಸಿಗೆ ಕಟ್ಟಿದ ಪಾಪದ ಪಟ್ಟವನ್ನು ಅವರು ಬಿಚ್ಚಿಟ್ಟ ರೀತಿ ಇಂದಿಗೂ ಕೆಲಸಕ್ಕೆ ಬರುತ್ತದೆ. ಆದರೆ ರೂಪಕ ಕಳಚಿದರೆ ಸಾಕೇ? ಕನ್ನಡದಲ್ಲಿ ಈ ರೋಗದ ಹೆಸರೇ ಒಂದು ಕತೆ. ಅದನ್ನು ಬಿಸಾಡುವ ಮೊದಲು ಒಮ್ಮೆ ಒಳಗೆ ಇಣುಕಿ ನೋಡುವುದು ಒಳ್ಳೆಯದು.

ಕ್ಷಯ, ರಾಜಯಕ್ಷ್ಮ. ದಕ್ಷನ 27 ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟ. ಉಳಿದ 26 ಮಂದಿ ತಂದೆಯ ಬಳಿ ದೂರಿದರು. ತಂದೆ ಶಪಿಸಿದ, ಚಂದ್ರ ದಿನದಿನಕ್ಕೆ ಕರಗಿದ. ಕಾಮದ ಅತಿರೇಕಕ್ಕೆ ರೋಗ ಶಿಕ್ಷೆ ಎಂಬ ಕತೆ ಏಡ್ಸಿನಿಂದ ಶುರುವಾದದ್ದಲ್ಲ, ಅದು ಚಂದ್ರನಷ್ಟೇ ಹಳೆಯದು. ಆದರೆ ಇದೇ ಕತೆಯನ್ನು ಹೇಳುವ ಚರಕಸಂಹಿತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮೈಯನ್ನು ಒಣಗಿಸುವ ಈ ರೋಗಕ್ಕೆ ಅದು ನಾಲ್ಕು ಕಾರಣ ಕೊಡುತ್ತದೆ: ಸಾಹಸ, ಸಂಧಾರಣ, ಕ್ಷಯ, ವಿಷಮಾಶನ. ಸಾಹಸವೆಂದರೆ ಶಕ್ತಿ ಮೀರಿದ ದುಡಿಮೆ. ಸಂಧಾರಣವೆಂದರೆ ಮಲಮೂತ್ರಾದಿ ವೇಗಗಳನ್ನು ತಡೆಹಿಡಿಯುವುದು. ಕ್ಷಯವೆಂದರೆ ದುಃಖ, ಚಿಂತೆ, ಉಪವಾಸ, ಅತಿಸಂಗಗಳಿಂದ ಮೈಯ ಸಾರ ಇಳಿಯುವುದು. ವಿಷಮಾಶನವೆಂದರೆ ಹೊತ್ತಲ್ಲದ ಹೊತ್ತಿಗೆ, ಸಿಕ್ಕಿದ್ದನ್ನು, ಸಿಕ್ಕಷ್ಟು ತಿನ್ನುವುದು.

ಈ ನಾಲ್ಕನ್ನು ಕೈಯಲ್ಲಿ ಹಿಡಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾಜಾಳಿಯಿಂದ ಅಂಕೋಲೆಗೆ ಬನ್ನಿ. ಶಕ್ತಿ ಮೀರಿದ ದುಡಿಮೆಗೆ ಬೋಟಿನ ಕಲಾಸಿ ಇದ್ದಾನೆ. ಬೆಳಗಿನ ಜಾವಕ್ಕೆ ಬುಟ್ಟಿ ಹೊತ್ತು ಬಂದು ಮಧ್ಯಾಹ್ನದವರೆಗೆ ಕೂತು ಮೀನು ಮಾರುವ ಹೆಂಗಸಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದಿದ್ದರೆ ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ, ಅದು ಸಂಧಾರಣ. ಲಾರಿ ಚಾಲಕನ ಊಟವನ್ನು ವಿಷಮಾಶನ ಎನ್ನದೆ ಏನೆನ್ನಬೇಕು? ದುಃಖ, ಚಿಂತೆಗಳ ವಿಷಯಕ್ಕೆ ಮುಂದೆ ಬರುತ್ತೇನೆ. ಚರಕನಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಅದನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಹಳಬರಿಗೆ ಎಲ್ಲವೂ ತಿಳಿದಿತ್ತು ಎಂಬ ಜಂಬದ ಮಾತನ್ನು ನಾನು ಹೇಳುತ್ತಿಲ್ಲ. ರಾಜರೋಗವೆಂದು ಹೆಸರಿಟ್ಟವರು ಕೊಟ್ಟ ಕಾರಣಗಳಲ್ಲಿ ಮೂರು ಪಾಲು ಕೂಲಿಕಾರನ ದಿನಚರಿಯೇ ಆಗಿರುವುದನ್ನಷ್ಟೇ ಗಮನಿಸುತ್ತಿದ್ದೇನೆ. ನಮಗೆ ನೆನಪುಳಿದದ್ದು ರೋಹಿಣಿ, ಮರೆತದ್ದು ವಿಷಮಾಶನ.

ಈ ಮರೆವನ್ನು ಗಟ್ಟಿಯಾಗಿ ಎತ್ತಿ ಆಡಿದವರಲ್ಲಿ ಅಮೆರಿಕದ ವೈದ್ಯ, ಮಾನವಶಾಸ್ತ್ರಜ್ಞ ಪಾಲ್ ಫಾರ್ಮರ್ ಮುಖ್ಯರು. 2022ರಲ್ಲಿ ರುವಾಂಡಾದಲ್ಲಿ ತೀರಿಕೊಂಡ ಅವರು ತಮ್ಮ ಬದುಕಿನ ಬಹುಭಾಗವನ್ನು ಹೈಟಿಯ ಕಾಂಜ್ ಎಂಬ ಹಳ್ಳಿಯಲ್ಲಿ ಟಿ.ಬಿ. ಮತ್ತು ಏಡ್ಸ್ ರೋಗಿಗಳ ನಡುವೆ ಕಳೆದರು. ಅವರು ಬರೆದ ಒಂದು ಪ್ರಕರಣವನ್ನು ಕಾರವಾರದ ಓದುಗರು ಓದಲೇಬೇಕು. ಅಸೆಫಿ ಎಂಬ ಹುಡುಗಿ. ಅವಳ ಅಪ್ಪ ಅಮ್ಮನಿಗೆ ನದಿಕಣಿವೆಯಲ್ಲಿ ಫಲವತ್ತಾದ ಜಮೀನಿತ್ತು. 1956ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಪೆಲಿಗ್ರ್ ಅಣೆಕಟ್ಟೆಯಲ್ಲಿ ಅದು ಮುಳುಗಿತು. ಅವರು ಗುಡ್ಡ ಹತ್ತಿದರು. ಗುಡ್ಡದ ಮೇಲೆ ಬೆಳೆಯೂ ಬರಲಿಲ್ಲ, ವಿದ್ಯುತ್ತೂ ಬರಲಿಲ್ಲ. ಹುಡುಗಿ ಸಂತೆಗೆ ಹೊತ್ತು ಹೋಗುವ ದಾರಿಯಲ್ಲಿ ಸೈನಿಕರ ಠಾಣೆ. ಸಂಬಳ ಬರುವ ಗಂಡಸು ಎಂದರೆ ಆ ದಾರಿಯಲ್ಲಿ ಸೈನಿಕನೊಬ್ಬನೇ. ಕೆಲವೇ ದಿನಗಳ ಸಂಬಂಧ. ಆಮೇಲೆ ರಾಜಧಾನಿಯಲ್ಲಿ ಮನೆಗೆಲಸ, ಬಸ್ ಚಾಲಕನೊಬ್ಬನ ಜೊತೆ ಮದುವೆಯ ಆಸೆ, ಬಸಿರು, ಕೆಲಸದಿಂದ ಹೊರಗೆ, ಊರಿಗೆ ವಾಪಸು, ಏಡ್ಸ್, ಸಾವು. ಅವಳ ಅಪ್ಪ ನೇಣು ಹಾಕಿಕೊಂಡ.

ಫಾರ್ಮರ್ ಕೇಳುವುದು ಇಷ್ಟೇ: ಈ ಸಾವಿನ ಭೂಗೋಳವನ್ನು ಎಲ್ಲಿಂದ ಬರೆಯಬೇಕು? ಹಾಸಿಗೆಯಿಂದಲೋ ಅಣೆಕಟ್ಟೆಯಿಂದಲೋ?

ಈ ಪುಟಗಳನ್ನು ಮುಚ್ಚಿಟ್ಟು ಅರ್ಗಾ, ಚೆಂಡಿಯಾಗಳ ಕಡೆ ನೋಡಿ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ ತಿಂಗಳಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಾರವಾರ-ಅಂಕೋಲಾ ತಾಲೂಕುಗಳ ಕಡಲ ಪಟ್ಟಿಯಿಂದ 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಪರಿಹಾರದ ತಕರಾರು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆಯಿತು. ಇನ್ನೊಂದು ಕಡೆ ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟೆಗಳ ಸಾಲು, 2000ದ ಹೊತ್ತಿಗೆ ಕೈಗಾದಲ್ಲಿ ಅಣುವಿದ್ಯುತ್. 1998ರಲ್ಲಿ ಕೊಂಕಣ ರೈಲ್ವೆ. ಆ ಮೇಲಿನ ದಶಕದಲ್ಲಿ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಅರಬೈಲು ಘಟ್ಟ ಇಳಿದು ಅಂಕೋಲೆಯ ಮೂಲಕ ಬೇಲೆಕೇರಿ, ಕಾರವಾರದ ಬಂದರುಗಳಿಗೆ ಹಗಲುರಾತ್ರಿ ಹರಿದವು. 2010ರಲ್ಲಿ ಬೇಲೆಕೇರಿಯಲ್ಲಿ ಮುಟ್ಟುಗೋಲು ಹಾಕಿದ್ದ ಅದಿರೇ ಮಾಯವಾದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದಿರಿನ ಲೆಕ್ಕ ಟನ್ನುಗಳಲ್ಲಿ ಸಿಕ್ಕಿತು. ಆ ಲಾರಿಗಳನ್ನು ನಿದ್ದೆಗೆಟ್ಟು ಓಡಿಸಿದವರ ಮೈಯ ಲೆಕ್ಕ, ರಸ್ತೆಬದಿಯ ಮನೆಗಳಲ್ಲಿ ಕೆಂಪು ಧೂಳು ಕುಡಿದವರ ಶ್ವಾಸಕೋಶದ ಲೆಕ್ಕ ಯಾವ ಆರೋಪಪಟ್ಟಿಯಲ್ಲೂ ಬರುವಂಥದ್ದಲ್ಲ.

ಹೈಟಿಯ ಕಣಿವೆಯನ್ನು ತಂದು ಕಾರವಾರದ ಮೇಲೆ ಅಂಟಿಸುವುದು ತಪ್ಪಾದೀತು. ಸೀಬರ್ಡ್ ಬಂದದ್ದರಿಂದ ಇಷ್ಟು ಜನಕ್ಕೆ ರೋಗ ಬಂತು ಎಂದು ನಾನು ಹೇಳುತ್ತಿಲ್ಲ. ಕಾರಣಗಳು ಅಷ್ಟು ನೇರಗೆರೆಯಲ್ಲಿ ನಡೆಯುವುದೂ ಇಲ್ಲ. ಫಾರ್ಮರರಿಂದ ನಾವು ತೆಗೆದುಕೊಳ್ಳಬೇಕಾದದ್ದು ಓದುವ ಕ್ರಮವನ್ನು. ಗೋವಾದ ಹೋಟೆಲಿನಲ್ಲಿ ದುಡಿಯುವ ಕಾರವಾರದ ಹುಡುಗನ ಎಕ್ಸ್‌ರೇ ಕೈಗೆ ಬಂದಾಗ ‘ಯಾರ ಸಹವಾಸ ಮಾಡಿದ್ದೆ?’ ಎಂದು ಕೇಳುವ ಮೊದಲು ‘ನಿಮ್ಮ ಗದ್ದೆ ಎಲ್ಲಿ ಹೋಯಿತು? ಗೋವಾದಲ್ಲಿ ಒಂದು ಕೋಣೆಗೆ ಎಷ್ಟು ಜನ?’ ಎಂದು ಕೇಳುವ ಕ್ರಮ ಅದು. ಎಚ್‌ಐವಿ ಮತ್ತು ಕ್ಷಯ ಒಂದರ ಬೆನ್ನಿಗೆ ಒಂದು ಬರುವುದಕ್ಕೆ ವೈದ್ಯಕೀಯ ಕಾರಣ ಸ್ಪಷ್ಟವಿದೆ. ಮೈಯಲ್ಲಿ ಕ್ಷಯದ ಬ್ಯಾಕ್ಟೀರಿಯಾ ಮಲಗಿರುವವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ರೋಗ ಬರುವುದೇ ಇಲ್ಲ, ನೂರಕ್ಕೆ ಸುಮಾರು 10 ಮಂದಿಗೆ ಬರುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚುಕಡಿಮೆ ಅಷ್ಟೇ ಅಪಾಯ ವರ್ಷ ವರ್ಷವೂ ಎದುರಾಗುತ್ತದೆ. ಮೈಯೊಳಗೆ ಹೀಗೆ ಜೋಡಿಯಾಗುವ ಎರಡು ರೋಗಗಳು ಮೈಯ ಹೊರಗೆ ಜೋಡಿಯಾಗುವುದು ಬಾಡಿಗೆಯ ಕೋಣೆಯಲ್ಲಿ, ಒಂಟಿ ಗಂಡಸರ ಲೇಬರ್ ಶೆಡ್ಡಿನಲ್ಲಿ, ಸಾರಾಯಿಯಲ್ಲಿ, ಅರೆಹೊಟ್ಟೆಯಲ್ಲಿ.

ಸಾರಾಯಿ ಎಂದಾಗ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರ ನೆನಪು ಬರಬೇಕು. ಹಾಲಕ್ಕಿಗಳ ಹಾಡಿನ ಕಣಜವೆಂದು 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ಅವರನ್ನು ಜಾನಪದದ ಕಪಾಟಿನಲ್ಲಿಟ್ಟು ಪೂಜಿಸಿದೆವು. ಅವರು ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಬೀದಿಗಿಳಿದದ್ದು ಪರಿಚಯದ ಕೊನೆಯ ಸಾಲಿಗೆ ಹೋಯಿತು. ಕುಡಿತ ಕ್ಷಯದ ದೊಡ್ಡ ಕಾರಣಗಳಲ್ಲಿ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡುತ್ತದೆ, ಅಪೌಷ್ಟಿಕತೆ, ಎಚ್‌ಐವಿ, ಹೊಗೆಸೊಪ್ಪು, ಸಕ್ಕರೆ ಕಾಯಿಲೆಗಳ ಜೊತೆಗೆ. ಹಾಗೆ ನೋಡಿದರೆ ಬಡಗೇರಿಯ ಆ ಅಜ್ಜಿ ಮಾಡಿದ್ದು ಶುದ್ಧ ಸಾರ್ವಜನಿಕ ಆರೋಗ್ಯದ ಕೆಲಸ. ಹಾಡು ಬೇರೆ, ಹೋರಾಟ ಬೇರೆ ಎಂದು ವಿಂಗಡಿಸಿದವರು ನಾವು, ಸಾಹಿತ್ಯದವರು.

ಫಾರ್ಮರರ ಬಗ್ಗೆ ನನಗೊಂದು ತಕರಾರಿದೆ. ಅಸೆಫಿಯ ಬದುಕು ಅವರ ಬರಹದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ, ಮುಗಿಯುವಾಗ ಅವಳು ಒಂದು ಪ್ರಮೇಯದ ಸಾಕ್ಷಿಯಾಗಿರುತ್ತಾಳೆ. ಸಂತೆಯ ದಾರಿಯಲ್ಲಿ ಅವಳು ಏನು ಹಾಡಿಕೊಂಡಳು, ಸೈನಿಕ ಅವಳಿಗೆ ಇಷ್ಟವಾಗಿದ್ದನೇ, ಊರಿನವರು ಬೆನ್ನ ಹಿಂದೆ ಏನೆಂದರು? ಅಣೆಕಟ್ಟೆ ಎಷ್ಟು ದೊಡ್ಡದೆಂದರೆ ಅದರ ನೆರಳಲ್ಲಿ ಹುಡುಗಿಯ ಮುಖ ಕಾಣುವುದಿಲ್ಲ. ಇಲ್ಲಿ ಸಮಾಜವಿಜ್ಞಾನಿಗೆ ಕತೆಗಾರ ಬೇಕಾಗುತ್ತಾನೆ. ನಮ್ಮ ನೆಲದಲ್ಲಿ ಆ ಕತೆಗಾರ ಯಶವಂತ ಚಿತ್ತಾಲ.

ಅವರು ಎಚ್‌ಐವಿಯ ಬಗ್ಗೆ ಬರೆದರೆಂದಲ್ಲ. ಅಂಕೋಲೆಗೆ ಹತ್ತಿರದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ರಸಾಯನ ತಂತ್ರಜ್ಞರಾಗಿ ದುಡಿದ ಚಿತ್ತಾಲರು ನಮ್ಮ ಕರಾವಳಿಯ ಎರಡು ಭೂಗೋಳಗಳನ್ನು ಒಳಗಿನಿಂದ ಬಲ್ಲವರು. ಒಂದು, ಹನೇಹಳ್ಳಿಯಿಂದ ಮುಂಬಯಿಗೆ ಹೋಗುವ ದಾರಿ. ಇನ್ನೊಂದು ಗುಲ್ಲಿನ ದಾರಿ, ಒಂದು ಜಗುಲಿಯಿಂದ ಇನ್ನೊಂದು ಜಗುಲಿಗೆ. ‘ಮೂರು ದಾರಿಗಳು’ ಕಾದಂಬರಿಯಲ್ಲಿ ಗುಲ್ಲು ಒಂದು ಹುಡುಗಿಯ ಬದುಕನ್ನು ಸುತ್ತಿಕೊಳ್ಳುವ ಬಗೆಯನ್ನು ಓದಿದವರಿಗೆ ಎಚ್‌ಐವಿ ಇರುವವರು ಸ್ವಂತ ಊರಿನ ಆಸ್ಪತ್ರೆ ಬಿಟ್ಟು ದೂರದ ಊರಿನಲ್ಲಿ ಏಕೆ ಮಾತ್ರೆ ತೆಗೆದುಕೊಳ್ಳುತ್ತಾರೆಂದು ವಿವರಿಸಬೇಕಾಗಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಎಚ್‌ಐವಿಗೆ ಉಚಿತ ಔಷಧಿ ಕೊಡಲು ಆರಂಭಿಸಿತು. ಮಾತ್ರೆ ತಪ್ಪದೆ ನುಂಗಿದವರು ಎಲ್ಲರಂತೆ ದುಡಿದು ವಯಸ್ಸಾಗುವವರೆಗೆ ಬದುಕುತ್ತಾರೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾನೂನು ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಆದರೆ ಸಣ್ಣ ಊರಿನಲ್ಲಿ ಬಾಯಿ ಬಿಡಬೇಕಾಗಿಯೇ ಇಲ್ಲ, ಯಾವ ಬಾಗಿಲ ಮುಂದೆ ಕೂತಿದ್ದಾರೆ ಎಂಬುದೇ ಸಾಕು. ಹಾಗಾಗಿ ಕೆಲವರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ, ಕೆಲವರು ಗಡಿ ದಾಟುತ್ತಾರೆ. ಹೃದಯ ನೋವಿಗೂ ಅಪಘಾತಕ್ಕೂ ಮಣಿಪಾಲ, ಮಂಗಳೂರು, ಗೋವಾ ಎಂದು ಓಡುವ, ದೊಡ್ಡಾಸ್ಪತ್ರೆಗಾಗಿ ವರ್ಷಗಳಿಂದ ಕೂಗುತ್ತಿರುವ ಜಿಲ್ಲೆ ಇದು. ಅದರ ಜೊತೆಗೆ ಈ ಸದ್ದಿಲ್ಲದ ಓಡಾಟವೂ ಇದೆ. ಇದೂ ನಕ್ಷೆಯ ಬಣ್ಣ ಕೆಡಿಸುತ್ತದೆ.

ಗುಲ್ಲಿನ ಭೂಗೋಳದಲ್ಲಿ ಹೆಣ್ಣಿನ ಪಾಲು ಬೇರೆಯೇ. ಬಸಿರಾದವಳಿಗೆ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಮಗುವನ್ನು ಉಳಿಸಲು ಅದು ಬೇಕು, ಉಳಿಸಿಯೂ ಇದೆ. ಆದರೆ ಅದರಿಂದಾಗಿ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಹೆಂಡತಿಯಲ್ಲಿ. ಮೊದಲು ಗೊತ್ತಾದವಳೇ ಮೊದಲು ತಂದವಳು ಎಂದು ಮನೆ ತೀರ್ಮಾನಿಸುತ್ತದೆ. ಚಂದ್ರನ ಕತೆಯ 26 ಹೆಂಡಿರಿಗೆ ದೂರು ಹೇಳಲು ದಕ್ಷನಿದ್ದ. ಇವಳು ತವರಿಗೆ ಹೋದರೆ ಅಲ್ಲಿ ಬೇರೆ ತಟ್ಟೆ, ಬೇರೆ ಲೋಟ.

ಅನ್ನದ ಮಾತು ಉಳಿಯಿತು. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಎಂಬ ಅಧ್ಯಯನದ ಮುಂದಾಳುಗಳು ನಮ್ಮದೇ ಕರಾವಳಿಯ ಮಂಗಳೂರಿನ ಯೆನೆಪೋಯದ ವೈದ್ಯರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಕ್ಷಯರೋಗಿಯ ಮನೆಯವರಿಗೆ ತಿಂಗಳು ತಿಂಗಳು ತಲೆಗಿಷ್ಟು ಅಕ್ಕಿ, ಬೇಳೆ ಕೊಟ್ಟರು. ಕೊಡದ ಮನೆಗಳಿಗೆ ಹೋಲಿಸಿದರೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಇದು ಲಸಿಕೆಯಲ್ಲ, ಅಕ್ಕಿ-ಬೇಳೆ. ಸರ್ಕಾರ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಕೊಟ್ಟದ್ದು ಒಳ್ಳೆಯದೇ. ಬಂಗಡೆ-ತಾರ್ಲೆಯೇ ಬಡವರ ಪುಷ್ಟಿಯಾಗಿದ್ದ ಕರಾವಳಿಯಲ್ಲಿ ಸಣ್ಣ ಮೀನು ಫಿಶ್‌ಮೀಲ್ ಕಾರ್ಖಾನೆಗೆ, ದೊಡ್ಡ ಮೀನು ಐಸಿನ ಪೆಟ್ಟಿಗೆಗೆ ಹೋದ ಮೇಲೆ ಆ ರೂಪಾಯಿಗೆ ಏನು ಬರುತ್ತದೆ ಎಂಬುದನ್ನು ಮಾತ್ರ ಮೀನುಪೇಟೆಯಲ್ಲೇ ನಿಂತು ಕೇಳಬೇಕು. ಈಗ ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರು ಬರುತ್ತದೆಂದು ಮೀನುಗಾರರು ಮತ್ತೆ ಬೀದಿಯಲ್ಲಿದ್ದಾರೆ. ಆ ಚರ್ಚೆಯಲ್ಲಿ ಉದ್ಯೋಗದ ಸಂಖ್ಯೆ ಇದೆ, ಹೂಳಿನ ಲೆಕ್ಕ ಇದೆ. ಕಟ್ಟಲು ಬರುವ ಕೂಲಿಗಳು ಎಲ್ಲಿ ಮಲಗುತ್ತಾರೆ, ಎದ್ದು ಹೋಗುವ ಮೀನುಗಾರರ ಮಕ್ಕಳು ಯಾವ ಊರಿನ ಯಾವ ಕೋಣೆ ಸೇರುತ್ತಾರೆ ಎಂಬ ಪ್ರಶ್ನೆ ಇದೇ ಹೊತ್ತಿನಲ್ಲಿ ಕೇಳಬೇಕಾದದ್ದು. 1986ರಲ್ಲಿ ಯಾರೂ ಕೇಳಲಿಲ್ಲ.

ಎಚ್‌ಐವಿ ತಡೆಯ ಯೋಜನೆಗಳಲ್ಲಿ ಲಾರಿಗಳು ನಿಲ್ಲುವ ಜಾಗಗಳನ್ನು ‘ಹಾಲ್ಟ್ ಪಾಯಿಂಟ್’ ಎಂದು ಗುರುತಿಸುತ್ತಾರೆ. ಕೆಲವು ಹೆದ್ದಾರಿಗಳಲ್ಲಿ ಅಂಥ ಕಡೆ ಚಾಲಕರಿಗಾಗಿ ‘ಖುಷಿ’ ಎಂಬ ಹೆಸರಿನ ಕ್ಲಿನಿಕ್ಕುಗಳೂ ಇದ್ದವು. ಯೋಜನೆಯ ಕಣ್ಣಿಗೆ ಅದು ಅಪಾಯದ ಬಿಂದು, ಕಾಂಡೋಮ್ ಮುಟ್ಟಿಸಬೇಕಾದ ಸ್ಥಳ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಒಂದು ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ಗಾಡಿ ನಿಲ್ಲಿಸಿದ್ದ ಚಾಲಕರು ಮಣ್ಣಿನಡಿ, ಗಂಗಾವಳಿಯ ನೀರಿನಡಿ ಹೋದರು. ಕೇರಳದ ಒಬ್ಬ ಚಾಲಕನ ದೇಹ ಲಾರಿಯ ಸಮೇತ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆ ಎರಡು ತಿಂಗಳು ಮಲಯಾಳಂ, ತಮಿಳು, ಕನ್ನಡ ವಾಹಿನಿಗಳಲ್ಲಿ ಆ ಜಾಗದ ಹೆಸರು ದಿನವೂ ಕೇಳಿತು. ಅಷ್ಟರವರೆಗೆ ಅದನ್ನು ಬಲ್ಲವರು ಚಾಲಕರು ಮಾತ್ರ: ಗಾಡಿ ನಿಲ್ಲಿಸಲು ಅಗಲವಾದ ಜಾಗ, ಪಕ್ಕದಲ್ಲಿ ನದಿ, ಹೊತ್ತಲ್ಲದ ಹೊತ್ತಿಗೂ ಬಿಸಿ ಚಹಾ, ಒಂದು ಗಂಟೆಯ ನಿದ್ದೆ.